ಸಿತ್ತಿಯ ಓಣಿ

ನಮ್ಮ ಓಣಿಗೆ ಯಾರೇ ಬಂದರೂ ಮೊದಲು ಸಿತ್ತಿಯ ಕುರ್ಚಿಯನ್ನು ದಾಟಿ ಬರಬೇಕಾಗಿತ್ತು. ಅದು ಅಡುಗೆಮನೆಯ ಕುರ್ಚಿ. ಹೊಳೆಯುವ ಉಕ್ಕಿನ ಕಾಲು, ಹಳದಿ ಪ್ಲಾಸ್ಟಿಕ್ ಸೀಟು, ಸೀಟು ಹರಿದಲ್ಲಿ ಕಪ್ಪು ಟೇಪು. ಹಿಮ ಕರಗಿದ ಮರುದಿನ ಅದು ಮನೆ ಮುಂದಿನ ಸೈಡ್‌ವಾಕಿಗೆ ಇಳಿದರೆ ಮತ್ತೆ ಒಳಗೆ ಹೋಗುತ್ತಿದ್ದುದು ಮುಂದಿನ ಹಿಮ ಬಿದ್ದ ಮೇಲೆಯೇ. ಕಪ್ಪು ಗೌನು, ಕಂದು ಸ್ವೆಟರು, ಗಂಡಸರ ಉಣ್ಣೆಯ ಕಾಲುಚೀಲ ತೊಟ್ಟು, ಬೆಳ್ಳುಳ್ಳಿಯದೋ ಬೇಳೆಯದೋ ಒಂದು ತಾಟನ್ನು ಮಡಿಲಲ್ಲಿಟ್ಟುಕೊಂಡು ಸಿತ್ತಿ ಅಲ್ಲಿ ಕೂತಿರುತ್ತಿದ್ದಳು. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು, ಹೋಗುವಾಗ ಮುಖ ಹೇಗಿತ್ತು ಎಂಬುದೆಲ್ಲ ಆಕೆಗೆ ಗೊತ್ತಿರಬೇಕು. ಗ್ಯಾಸ್ ಮೀಟರ್ ನೋಡಲು ಬರುವವನು ಕೂಡ ತನ್ನ ತಾಯಿಯ ಮಂಡಿನೋವಿನ ವರದಿಯನ್ನು ಒಪ್ಪಿಸಿಯೇ ಮುಂದೆ ಹೋಗುತ್ತಿದ್ದ.

ಇದು ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ದಕ್ಷಿಣದ ತುದಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಒಂದು ಕಾಲಕ್ಕೆ ಆ ಊರಿನ ರೇಷ್ಮೆ ಗಿರಣಿಗಳಲ್ಲಿ ನೇಯಲೆಂದು ಸಿರಿಯಾದ ಅಲೆಪ್ಪೊದಿಂದ ಬಂದ ಮಂದಿ ಅಲ್ಲಿ ಬೀಡು ಬಿಟ್ಟಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಮಂದಿ ಕದಲಿರಲಿಲ್ಲ. ನಮ್ಮ ಮನೆಯವರಿಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಕೆಲಸ ಸಿಕ್ಕಿತ್ತು. ನಡೆದು ಹೋಗುವಷ್ಟು ದೂರದಲ್ಲಿ ಮನೆ ಬೇಕು ಎಂದು ಹುಡುಕಿದಾಗ ಸಿಕ್ಕಿದ್ದು ಸಿತ್ತಿಯ ಮರದ ಮನೆಯ ಮೇಲಿನ ಮಹಡಿ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನಮ್ಮ ಧಾರವಾಡದ ಗೆಳೆಯರು ಫೋನಿನಲ್ಲಿ, "ಅಲ್ಲೇನದೋ ಮಾರಾಯ, ಅರಬರ ಓಣಿಯೊಳಗ? ಇಲ್ಲೆ ಬಾ, ನಮ್ಮ ಮಂದಿ ಇದ್ದಾರ," ಎಂದು ಬುದ್ಧಿ ಹೇಳುತ್ತಿದ್ದರು. ಒಂದು ಸಲ ಊಟಕ್ಕೆ ಬಂದು ಹೋದ ಮೇಲೆ ಬುದ್ಧಿ ಹೇಳುವುದನ್ನು ಬಿಟ್ಟು ಪ್ರತಿ ತಿಂಗಳೂ ಓಣಿಯ ಬೇಕರಿಯ ಅರಬ್ಬಿ ರೊಟ್ಟಿ ಒಯ್ಯಲು ಬರತೊಡಗಿದರು.

ಸಿತ್ತಿ ಎಂದರೆ ಅವರ ಮಾತಿನಲ್ಲಿ ನನ್ನಜ್ಜಿ. ಆಕೆಯ ಮೊಮ್ಮಕ್ಕಳು ಕರೆದದ್ದನ್ನು ಇಡೀ ಓಣಿ ಎತ್ತಿಕೊಂಡಿತ್ತು. ಆಕೆಗಿಂತ ದೊಡ್ಡವರಾದ ಗಂಡಸರೂ ಸಿತ್ತಿ ಎನ್ನುತ್ತಿದ್ದರು. ಸಿಟ್ಟಿಗೂ ಸಿತ್ತಿಗೂ ಬಹಳ ದೂರವಿಲ್ಲ ಎಂದು ನಮ್ಮವರು ನಗುತ್ತಿದ್ದರು.

ನಾವು ಸೂಟ್‌ಕೇಸುಗಳೊಡನೆ ಮೊದಲ ದಿನ ಬಂದಿಳಿದಾಗ ಆಕೆ ಕುರ್ಚಿಯಿಂದಲೇ ನನ್ನನ್ನು ನೋಡಿ ಕೈ ಮಾಡಿ, "ತಆಲಿ," ಎಂದಳು. ನನ್ನ ಕಿವಿಗೆ ಅದು "ತಾಳಿ" ಎಂದು ಬಿತ್ತು.

"ಏನೋ ತಾಳ್ರಿ ಅನ್ಲಿಕತ್ತಾಳ, ನಿಂದರ್ರಿ," ಎಂದು ನಮ್ಮವರನ್ನೂ ನಿಲ್ಲಿಸಿದೆ.

ಆಕೆ ಇನ್ನೂ ಗಟ್ಟಿಯಾಗಿ "ತಆಲಿ" ಎಂದಳು. ನಾವು ಇನ್ನೂ ಗಟ್ಟಿಯಾಗಿ ನಿಂತೆವು. ಕೊರೆಯುವ ಗಾಳಿಯಲ್ಲಿ, ಸೂಟ್‌ಕೇಸು ಕೆಳಗಿಡುವುದೋ ಬೇಡವೋ ತಿಳಿಯದೆ, ಒಬ್ಬ ಮುದುಕಿಯ ಅಪ್ಪಣೆಗೆ ಕಾಯುತ್ತ ನಿಂತದ್ದು ನಮ್ಮ ಅಮೆರಿಕದ ಗೃಹಪ್ರವೇಶ. ಕೊನೆಗೆ ಆಕೆಯೇ ಎದ್ದು ಬಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ತಆಲಿ ಎಂದರೆ ಬಾ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಅಷ್ಟರೊಳಗೆ ಹುಡುಗಿಗೆ ಕಿವಿ ಮಂದ ಎಂದು ಆಕೆ ಓಣಿಗೆಲ್ಲ ಸಾರಿದ್ದಳು. ಬಹಳ ದಿನಗಳ ತನಕ ಅಂಗಡಿಯವರೆಲ್ಲ ನನ್ನೊಡನೆ ಕೂಗಿ ಮಾತಾಡುತ್ತಿದ್ದರು.

ಅದೇ ವಾರ ನನಗೆ ಹೆಸರೂ ಇಟ್ಟಾಯಿತು. ಸಿತ್ತಿಯ ಇಂಗ್ಲಿಷು ಗಿರಣಿಯಲ್ಲಿ ಕಲಿತದ್ದು. ಕಮ್, ಈಟ್, ಗುಡ್, ನೋ ಗುಡ್, ಫಿನಿಷ್ ಇಷ್ಟರಲ್ಲೇ ಆಕೆಯ ಲೋಕವ್ಯವಹಾರ ನಡೆಯುತ್ತಿತ್ತು. ಆದ್ದರಿಂದ ಇದನ್ನು ಆಕೆಯ ಮಗ ಇಲ್ಯಾಸ್ ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಮಕ್ಕಳಿದ್ದಾರೆಯೇ ಎಂದು ಕೇಳಿದಳು. ಇಲ್ಲ, ಈಗಷ್ಟೇ ಮದುವೆಯಾಗಿದೆ ಎಂದೆವು. ಗಂಡನ ತಂದೆಯ ಹೆಸರು? ನಾನು ಮಾವನವರ ಹೆಸರು ಹೇಳುವಂತಿಲ್ಲ. ನಮ್ಮವರು, "ಗುರುನಾಥ," ಎಂದರು. ಸಿತ್ತಿ ತಲೆಯಾಡಿಸಿದಳು. ಹುಟ್ಟುವ ಮಗನಿಗೆ ಅಜ್ಜನ ಹೆಸರು ತಾನೇ? ಹಾಗಾದರೆ ಇಂದಿನಿಂದಲೇ ಇವಳು ಉಮ್ ಗುರುನಾಥ್, ಗುರುನಾಥನ ತಾಯಿ.

ಮನೆಯಲ್ಲಿ ನಾನು ಬಾಯಿ ಬಿಟ್ಟು ಹೇಳಬಾರದಿದ್ದ ಹೆಸರನ್ನು ಆಕೆ ಬೀದಿಯ ಆ ತುದಿಯಿಂದ ಈ ತುದಿಗೆ ಕೇಳುವಂತೆ ಕೂಗುತ್ತಿದ್ದಳು. ಅದೂ ನನ್ನನ್ನು ನನ್ನ ಮಾವನ ತಾಯಿಯನ್ನಾಗಿ ಮಾಡಿ. ನಮ್ಮವರು ಇದನ್ನು ಊರಿಗೆ ಬರೆದರು. ಮಾವನವರ ಮಾರುತ್ತರದ ಕೊನೆಯಲ್ಲಿ ನನಗಾಗಿ ಒಂದು ಸಾಲಿತ್ತು: ಮಾತೃಶ್ರೀಯವರಿಗೆ ಚಿರಂಜೀವಿ ಗುರುನಾಥನ ಸಾಷ್ಟಾಂಗ ನಮಸ್ಕಾರಗಳು. ಮುಂದೆ ನಮಗೆ ಮಗಳು ಹುಟ್ಟಿದಾಗ, ಇನ್ನಾದರೂ ಹೆಸರು ಬದಲಿಸಬಹುದಲ್ಲ ಎಂದು ಕೇಳಿದೆ. ಸಿತ್ತಿ ಮಗುವನ್ನು ಎತ್ತಿ ಮುತ್ತಿಟ್ಟು, ಬಸ್ಸು ತಡ ಎಂದು ಹೇಳುವವರ ಹಾಗೆ ತಣ್ಣಗೆ, "ಗುರುನಾಥ್ ಲೇಟ್," ಎಂದಳು.

ಓಣಿಯ ತಲೆಯಲ್ಲಿ ಜಮೀಲನ ಕಿರಾಣಿ ಅಂಗಡಿ. ಇಂಡಿಯನ್ ಸಾಮಾನಿಗೆ ಆಗ ನಮ್ಮಂಥವರು ಬಸ್ಸು ಹತ್ತಿ ಮ್ಯಾನ್‌ಹಟನ್‌ಗೆ ಹೋಗಬೇಕಾಗಿತ್ತು. ಇಲ್ಲಿ ನೋಡಿದರೆ ಕಡಲೆ, ಮಸೂರು ಬೇಳೆ, ಜೀರಿಗೆ, ಕೊತ್ತಂಬರಿ ಬೀಜ, ಎಲ್ಲ ಚೀಲ ಚೀಲವಾಗಿ ಬಾಯಿ ತೆರೆದು ನಿಂತಿದ್ದವು. ಹುಣಸೆಹಣ್ಣಿಗೆ ಅವರ ಹೆಸರು ತಮರ್ ಹಿಂದಿ, ಅಂದರೆ ಇಂಡಿಯಾದ ಖರ್ಜೂರ. ಜಮೀಲ ಒಂದು ಉಂಡೆ ಹುಣಸೆಯನ್ನು ನನ್ನ ಕೈಯಲ್ಲಿಟ್ಟು, "ನಿಮ್ಮದೇ," ಎಂದ.

ಮೊದಲ ಸಲ ಸಿತ್ತಿಯೇ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಬೇಳೆ ತೆಗೆ ಎಂದಳು. ಜಮೀಲ, "ಹಾದರ್, ಸಿತ್ತಿ," ಎಂದ. ನಾನು ಬೆಚ್ಚಿದೆ. ಕಡಲೆ ಎಂದಳು. "ಹಾದರ್." ಹೊರಗೆ ಬಂದು, ಎದುರಿನ ಕ್ಷೌರದಂಗಡಿಯವನಿಗೆ ಕಾರು ಆಚೆ ತೆಗೆ ಎಂದು ಕೈ ಮಾಡಿದಳು. ಅವನೂ ಕತ್ತರಿ ಎತ್ತಿ ಹಿಡಿದು, "ಹಾದರ್, ಹಾದರ್!" ಎಂದು ಕೂಗಿದ. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಮನೆ ಸೇರಿದೆ.

ಸಂಜೆ ನಮ್ಮವರಿಗೆ, "ಈ ಓಣಿ ಛಲೋ ಇಲ್ಲರೀ," ಎಂದೆ. "ಗಂಡಸರು ನಡುರಸ್ತೆಯೊಳಗ ನಿಂತು ಹಾದರ ಹಾದರ ಅಂತ ಒದರ್ತಾರ. ಅಜ್ಜಿ ನಕ್ಕೋತ ತಲಿ ಅಲ್ಲಾಡಸ್ತಾಳ. ನಾಳೆನ ಬ್ಯಾರೆ ಮನಿ ನೋಡ್ರಿ."

ನಮ್ಮವರು ಗಂಭೀರವಾಗಿ ಕೆಳಗಿಳಿದು ಇಲ್ಯಾಸನನ್ನು ಕೇಳಲು ಹೋದರು. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಳ್ಳುತ್ತ ಮೇಲೆ ಬಂದರು.

"ಹಾಜರ್ ಅಂತನ ಅದು. ನಿಮ್ಮಪ್ಪನವರ ಕೋರ್ಟಿನ್ಯಾಗ ಪಟ್ಟೇವಾಲಾ ಒದರತಿದ್ನಲ್ಲ, ಹಾಜರ್ ಹೈ ಅಂತ? ಅದ ಶಬ್ದ. ಅಪ್ಪಣಿ ಅಜ್ಜಿ, ಈಗ ಹಾಜರ್ ಮಾಡ್ತೇನಿ ಅಂತ ಅರ್ಥ."

ನನ್ನ ತಂದೆ ಧಾರವಾಡದಲ್ಲಿ ವಕೀಲರು. ಕೋರ್ಟು ಕಚೇರಿಯ ಮಾತು ನಮ್ಮ ಮನೆಯಲ್ಲಿ ಉಪ್ಪಿನಕಾಯಿಯಷ್ಟು ಸಾಮಾನ್ಯ. ಅದರಲ್ಲಿ ಎಷ್ಟೋ ಪದಗಳು ಎಲ್ಲಿಂದೆಲ್ಲಿಗೋ ಸುತ್ತಿ ಬಂದ ಅರಬ್ಬಿ ಪದಗಳು ಎಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ನಾನು ಬೇಟೆಗೆ ಇಳಿದೆ. ಸಿತ್ತಿಯ ಪಕ್ಕದಲ್ಲಿ ಹಾಲಿನ ಕ್ರೇಟನ್ನು ಬೋರಲು ಹಾಕಿ ಕೂತು ಒಂದೊಂದು ವಸ್ತುವಿಗೂ ಬೆರಳು ತೋರಿಸುತ್ತಿದ್ದೆ. ಕುರ್ಚಿ ಎಂದರೆ ಆಕೆ ಕುರ್ಸಿ ಎನ್ನುತ್ತಿದ್ದಳು. ಸಾಬೂನು ಎಂದರೆ ಸಾಬೂನ್. ಹವಾ ಎಂದರೆ ಹವಾ. ಜವಾಬು, ಕಾನೂನು, ತಾರೀಖು ಎಲ್ಲ ಸಲೀಸಾಗಿ ಸಿಕ್ಕವು. ಇನ್ನು ಕೆಲವು ಅಡಗಿ ಕೂತಿದ್ದವು, ಏಕೆಂದರೆ ಆಕೆಯ ಊರಿನವರು ಮಾತಿನ ನಡುವಿನ ಒಂದು ಬಗೆಯ 'ಕ' ಅಕ್ಷರವನ್ನು ಗಂಟಲಲ್ಲೇ ನುಂಗಿಬಿಡುತ್ತಿದ್ದರು. ಆಕೆ "ಹಅ್" ಎಂದರೆ ಅದು ಹಕ್ಕು. "ವಅ್ತ್" ಎಂದರೆ ನಮ್ಮ ವಕ್ತು, ಅಂದರೆ ಹೊತ್ತು. ಆಕೆ ನುಂಗಿದ ಜಾಗದಲ್ಲಿ ನಾನೊಂದು 'ಕ' ಇಟ್ಟು ನೋಡುತ್ತಿದ್ದೆ. ಎಷ್ಟೋ ಸಲ ಒಳಗಿನಿಂದ ಕನ್ನಡದ ಪದವೊಂದು ಎದ್ದು ಬರುತ್ತಿತ್ತು.

ಸಿತ್ತಿ ಇದರಿಂದ ತನ್ನದೇ ತೀರ್ಮಾನಕ್ಕೆ ಬಂದಳು. ಇಲ್ಯಾಸ್ ನಗುತ್ತ ನಮಗೆ ಹೇಳಿದ: "ಅಮ್ಮನ ಪ್ರಕಾರ ನಿಮ್ಮದೂ ನಮ್ಮ ಮಾತೇ. ನೀವು ಬಹಳ ದೂರ ನಡೆದು ಹೋದಿರಿ, ಹೋಗುವಾಗ ದಾರಿಯಲ್ಲಿ ಬಹಳಷ್ಟು ಬೀಳಿಸಿಕೊಂಡಿರಿ."

ಎದುರು ಸಾಲಿನಲ್ಲಿ ಸಿತ್ತಿಯ ನಾದಿನಿ ವರ್ದೆ ಇದ್ದಳು. ಯಾವುದೋ ಮದುವೆಯಲ್ಲಿ ಯಾರ ಕೈಯ ಮಾಂಸದುಂಡೆ ಮೊದಲು ಖಾಲಿಯಾಯಿತು ಎಂಬುದರ ಮೇಲೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೆ ಬೈಗುಳ ಮಾತಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬೆಳಿಗ್ಗೆ ವರ್ದೆ ಮೇಲಿನ ಕಿಟಕಿ ತೆರೆದು ಏನೋ ಅನ್ನುತ್ತಿದ್ದಳು. ಕುರ್ಚಿಯಿಂದ ಸಿತ್ತಿ ತಿರುಗಿಸಿ ಅನ್ನುತ್ತಿದ್ದಳು. ನಡುವೆ ಕಾರುಗಳು ಹೋಗುತ್ತಿದ್ದವು. ಟ್ರಕ್ಕು ಬಂದರೆ ಇಬ್ಬರೂ ಬಾಯಿ ಮುಚ್ಚಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಒಂದು ದಿನ ವರ್ದೆಯ ಕಿಟಕಿ ತೆರೆಯುವುದು ತಡವಾಯಿತು. ಸಿತ್ತಿಗೆ ಕೂತಲ್ಲಿ ಕೂರಲಾಗಲಿಲ್ಲ. "ಗೋ, ಸೀ," ಎಂದು ನನ್ನನ್ನು ಓಡಿಸಿದಳು. ವರ್ದೆಗೆ ನೆಗಡಿ, ಅಷ್ಟೇ. ನಾನು ಬಂದು ಹೇಳಿದೆ. ಸಿತ್ತಿ, "ನೋ ಗುಡ್ ವುಮನ್," ಎಂದು ಗೊಣಗುತ್ತ ಒಳಗೆ ಹೋಗಿ ಸೂಪು ಕಾಯಿಸಿ ಕೊಟ್ಟು, ಯಾರು ಕಳಿಸಿದ್ದೆಂದು ಹೇಳಬಾರದು ಎಂದು ತುಟಿಯ ಮೇಲೆ ಬೆರಳಿಟ್ಟಳು. ವರ್ದೆ ಒಂದು ಚಮಚ ಬಾಯಿಗಿಟ್ಟು ಉಪ್ಪು ಹೆಚ್ಚು ಎಂದಳು. ಅದನ್ನು ನಾನು ಬಂದು ಹೇಳಲಿಲ್ಲ.

ನಾನು ಡ್ರೈವಿಂಗ್ ಕಲಿತ ವರ್ಷದ ಬೇಸಿಗೆಯ ಮೊದಲಲ್ಲಿ ಸಿತ್ತಿ ಒಂದು ಬೆಳಿಗ್ಗೆ ದಿಂಬಿನ ಚೀಲ, ಕತ್ತರಿ ಹಿಡಿದು ನಮ್ಮ ಹಳೆಯ ಕಾರಿನಲ್ಲಿ ಬಂದು ಕೂತಳು. "ಡ್ರೈವ್," ಎಂದಳು. ಎಲ್ಲಿಗೆ ಎಂದರೆ ಬೆರಳಿನಿಂದ ದಾರಿ ತೋರಿಸಿದಳು. ಬೆರಳು ನಮ್ಮನ್ನು ಪಾರ್ಕ್‌ವೇಗೆ ಹತ್ತಿಸಿತು. ಎಲ್ಲರೂ ಅರವತ್ತು ಮೈಲಿ ವೇಗದಲ್ಲಿ ಹೋಗುವ ಆ ರಸ್ತೆಯಲ್ಲಿ ನಾನು ಎರಡೂ ಕೈಯಿಂದ ಸ್ಟಿಯರಿಂಗನ್ನು ಅಪ್ಪಿ ಹಿಡಿದು ಮೆಲ್ಲಗೆ ಹೋಗುತ್ತಿದ್ದರೆ ಆಕೆ ಏಕಾಏಕಿ, "ಸ್ಟಾಪ್, ಸ್ಟಾಪ್," ಎಂದಳು. ಏನಾಯಿತೋ ಎಂದು ಗಾಬರಿಯಿಂದ ಅಂಚಿಗೆ ನಿಲ್ಲಿಸಿದೆ. ಆಕೆ ಇಳಿದು, ತಡೆಬೇಲಿ ದಾಟಿ, ಇಳಿಜಾರಿನ ಪೊದೆಯೊಳಗೆ ನುಗ್ಗಿದಳು. ಅಲ್ಲಿ ಕಾಡುದ್ರಾಕ್ಷಿ ಬಳ್ಳಿ ಹಬ್ಬಿತ್ತು. ಅನ್ನ, ಮಾಂಸ ತುಂಬಿ ಸುತ್ತುವುದಕ್ಕೆ ಆಕೆಗೆ ಆ ಎಳೆಯ ಎಲೆಗಳು ಬೇಕಾಗಿದ್ದವು.

ಅರ್ಧ ಚೀಲ ತುಂಬಿರಬೇಕು. ಹಿಂದೆ ದೀಪ ಮಿನುಗಿಸುತ್ತ ಪೊಲೀಸ್ ಕಾರು ಬಂದು ನಿಂತಿತು. ಎತ್ತರದ ಹುಡುಗ, ಅಗಲ ಅಂಚಿನ ಹ್ಯಾಟು.

"ಮ್ಯಾಮ್, ಏನು ಎಮರ್ಜೆನ್ಸಿ?"

ನಾನು ಲೈಸೆನ್ಸ್ ಹುಡುಕತೊಡಗಿದೆ. ಪೊದೆಯೊಳಗಿಂದ ಸಿತ್ತಿಯ ತಲೆ ಎದ್ದಿತು. "ಲಂಚ್," ಎಂದಳು.

ಇಲ್ಲಿ ಕಾರು ನಿಲ್ಲಿಸುವುದು ಅಪಾಯ, ಕಾನೂನಿಗೆ ವಿರುದ್ಧ ಎಂದು ಅವನು ವಿವರಿಸುತ್ತ ಹೋದ. ಸಿತ್ತಿ ಪೂರ್ತಿ ಕೇಳಿದಳು. ಅನಂತರ ಅವನ ತೋಳನ್ನು ಹಿಂಡಿ ನೋಡಿ ನನ್ನ ಕಡೆ ತಿರುಗಿ, "ನೋ ಈಟ್," ಎಂದು ಮರುಗಿದಳು. ಅವನಿಗೆ ನಗು ತಡೆಯಲಾಗಲಿಲ್ಲ. ತನ್ನ ಇಟಾಲಿಯನ್ ಅಜ್ಜಿ ಹೀಗೆಯೇ ರೈಲುಹಳಿಯ ಪಕ್ಕದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು, ತಾನು ನಾಚಿಕೆಯಿಂದ ದೂರ ನಿಲ್ಲುತ್ತಿದ್ದೆ ಎಂದ. ದಂಡದ ಚೀಟಿ ಬರೆಯಲಿಲ್ಲ. ನಾವು ಹೊರಡುವ ಮುಂಚೆ ಕಿಟಕಿಗೆ ಬಗ್ಗಿ, ಇಲ್ಲಿಯ ಎಲೆಗೆ ಹೊಗೆ ಹಿಡಿದಿರುತ್ತದೆ, ಮುಂದಿನ ಎಕ್ಸಿಟ್ ಇಳಿದರೆ ಹಳೆಯ ಇಟ್ಟಿಗೆ ಕಾರ್ಖಾನೆಯ ಗೋಡೆಯ ಮೇಲೆ ಬೇಕಾದಷ್ಟಿದೆ ಎಂದು ಹೇಳಿದ. ಸಿತ್ತಿ ಅಲ್ಲಿಗೂ ಡ್ರೈವ್ ಮಾಡಿಸಿದಳು.

ಹೀಗೆ ನಡೆಯುತ್ತಿದ್ದಾಗ ಒಂದು ಚಳಿಗಾಲದಲ್ಲಿ ಸುದ್ದಿ ಬಂತು: ರಸ್ತೆ ಅಗಲ ಮಾಡುತ್ತಾರಂತೆ, ಪಕ್ಕದಲ್ಲಿ ದೊಡ್ಡ ಪಾರ್ಕಿಂಗ್ ಲಾಟ್ ಬರುತ್ತದಂತೆ, ಓಣಿಯ ಎರಡೂ ಸಾಲುಗಳು ಹೋಗುತ್ತವಂತೆ. ಹೈವೇ ಈಗಾಗಲೇ ಊರನ್ನು ಸೀಳಿಕೊಂಡು ಹೋಗಿತ್ತು. ಆಚೆಯ ಕೆಲವು ಬೀದಿಗಳು ನಾವು ನೋಡುತ್ತಿದ್ದಂತೆ ಇಲ್ಲವಾಗಿದ್ದವು. ಮನೆಯವರಿಗೆಲ್ಲ ಹೈವೇ ಬದಿಯಲ್ಲಿ ಹೊಸ ಫ್ಲ್ಯಾಟು ಕೊಡುವ ಮಾತಿತ್ತು. ಇಲ್ಯಾಸನಿಗೆ ಇದು ಬೇಡವಾದ ಸುದ್ದಿಯೇನಲ್ಲ. ಅವನು ಇನ್ಶೂರೆನ್ಸ್ ಆಫೀಸಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದ, ಸಬರ್ಬಿನಲ್ಲಿ ಹುಲ್ಲುಹಾಸಿನ ಮನೆ ಮಾಡಿದ್ದ, ತಾಯಿಗೊಂದು ಕೋಣೆಯನ್ನೂ ಸಿದ್ಧಮಾಡಿ ಇಟ್ಟಿದ್ದ. ಮೆಟ್ಟಿಲು ಹತ್ತಿ ಇಳಿದು ಆಕೆಯ ಮೊಣಕಾಲು ಊದುತ್ತಿದ್ದುದನ್ನು ಅವನು ನೋಡುತ್ತಿದ್ದ. ಅವನ ಆಸೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಆ ದಿನಗಳಲ್ಲಿ ಹಿಮ ಬಿದ್ದಿದ್ದರೂ ಸಿತ್ತಿಯ ಕುರ್ಚಿ ಹೊರಗೇ ಇತ್ತು. ಒಳಗೆ ಬಾ ಎಂದರೆ, ನಾನು ಎದ್ದರೆ ಅವರು ಬಂದುಬಿಡುತ್ತಾರೆ ಎಂಬಂತೆ ರಸ್ತೆಯ ಕಡೆ ಕೈ ತೋರಿಸುತ್ತಿದ್ದಳು.

ಒಂದು ಸಂಜೆ ಶಾಲೆಯ ಸಭಾಂಗಣದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ಕರೆದಿದ್ದರು. ಓಣಿಯೆಲ್ಲ ಭಾನುವಾರದ ಬಟ್ಟೆ ಹಾಕಿಕೊಂಡು ಹೋಯಿತು. ವೇದಿಕೆಯ ಮೇಲೆ ನಕ್ಷೆ, ಮೇಜು, ಅದರ ಹಿಂದೆ ಮೂವರು ಅಧಿಕಾರಿಗಳು. ನಡುವಿನವರು ಸೌಮ್ಯವಾಗಿಯೇ ಮಾತಾಡಿದರು: ಹೊಸ ಅಡುಗೆಮನೆ, ಹೊಸ ಬಾತ್‌ರೂಮು, ಎಲ್ಲರನ್ನೂ ಒಂದೇ ಕಡೆ ಇಡಲು ಪ್ರಯತ್ನಿಸುತ್ತೇವೆ.

ಸಿತ್ತಿ ಎದ್ದಳು. ಇಲ್ಯಾಸ್ ತರ್ಜುಮೆಗೆ ಪಕ್ಕದಲ್ಲಿ ನಿಂತ. ಆಕೆ ಬಹಳ ಹೊತ್ತು ಮಾತಾಡಿದಳು. ಕೈಯಿಂದ ರೊಟ್ಟಿ ತಟ್ಟಿದಳು, ಮಗ್ಗ ಎಳೆದಳು, ಎದೆ ಮುಟ್ಟಿಕೊಂಡಳು, ಒಂದು ಸಲ ವರ್ದೆಯನ್ನು ಬೆರಳು ಮಾಡಿ ತೋರಿಸಿದಾಗ ಹಿಂದಿನಿಂದ ವರ್ದೆ ಏನೋ ಅಂದು ಸಭೆಯೆಲ್ಲ ನಕ್ಕಿತು. ಮುಗಿದ ಮೇಲೆ ಇಲ್ಯಾಸ್ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ, "ನನ್ನ ತಾಯಿ ನಿಮಗೆ ಧನ್ಯವಾದ ಹೇಳುತ್ತಾರೆ. ಅವರಿಗೆ ಸ್ವಲ್ಪ ಚಿಂತೆಯಿದೆ," ಎಂದ.

ಸಿತ್ತಿ ಅವನ ಮುಖ ನೋಡಿದಳು. "ಫಿನಿಷ್?"

"ಫಿನಿಷ್, ಮಾ."

ಆಕೆ ಅವನ ಭುಜ ಹಿಡಿದು ಕೆಳಗೆ ಕೂರಿಸಿದಳು. ಅನಂತರ ಸಾಲುಗಳ ಮೇಲೆ ಕಣ್ಣಾಡಿಸಿ, "ಉಮ್ ಗುರುನಾಥ್, ತಆಲಿ," ಎಂದಳು.

ಸಭೆಯಲ್ಲಿ ಅರಬ್ಬಿಯೂ ಇಂಗ್ಲಿಷೂ ಬಲ್ಲವರು ಎಷ್ಟೋ ಜನ ಇದ್ದರು. ಆದರೆ ಅವರೆಲ್ಲ ಅಲ್ಲೇ ಹುಟ್ಟಿ ಬೆಳೆದು ಅಧಿಕಾರಿಗಳ ಮುಂದೆ ಮರ್ಯಾದೆಗೆ ಅಂಜುವವರು. ಮಗನ ಹಾಗೆ ಮಾತನ್ನು ಕತ್ತರಿಸಿಬಿಡುತ್ತಾರೆ ಎಂದು ಆಕೆಗೆ ಅನ್ನಿಸಿರಬೇಕು. ನಾನು ಸೀರೆಯ ಮೇಲೆ ಓವರ್‌ಕೋಟು ಹಾಕಿಕೊಂಡು, ಮುಂದೆ ಹೋದೆ. ನಮ್ಮವರು ಹಿಂದಿನಿಂದ, "ಏ, ನಿನಗ ಅರಬ್ಬಿ ಎಲ್ಲಿ ಬರ್ತದ?" ಎಂದು ಪಿಸುಗುಟ್ಟಿದ್ದು ಕೇಳಿಸಿತು.

ಅಧಿಕಾರಿ, "ನೀವು ಇವರ ಇಂಟರ್‌ಪ್ರಿಟರ್?" ಎಂದು ಕೇಳಿದರು.

ನನಗಿಂತ ಮೊದಲು ಸಿತ್ತಿಯೇ, "ವಕೀಲ್," ಎಂದಳು. ಆ ಪದವನ್ನು ಕೇಳಿ ನನಗೆ ನಮ್ಮಪ್ಪನ ಕಪ್ಪು ಕೋಟು ನೆನಪಾಯಿತು. ಹೌದು ಎಂದುಬಿಟ್ಟೆ.

ಈ ಸಲ ಆಕೆ ನನ್ನ ಕಣ್ಣನ್ನೇ ನೋಡುತ್ತ, ಮನೆ ಮುಂದೆ ಕೂತು ನಾವು ಆರಿಸಿಟ್ಟುಕೊಂಡ ಪದಗಳನ್ನೇ ಹೆಕ್ಕಿ ಹೆಕ್ಕಿ ತುಂಡು ತುಂಡಾಗಿ ಆಡಿದಳು. ಕುರ್ಸಿ, ಎಂದಳು. ಇವರು ಆ ಬೀದಿಯಲ್ಲಿ ಎರಡನೆಯ ಮಹಾಯುದ್ಧಕ್ಕಿಂತ ಮೊದಲಿನಿಂದ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಎಂದೆ ನಾನು. ಹವಾ, ಎಂದು ಮೂಗೆತ್ತಿ ಉಸಿರೆಳೆದಳು. ಅಲ್ಲಿಯ ಗಾಳಿಯಲ್ಲಿ ಬೆಳಗಿನ ಜಾವಕ್ಕೆ ರೊಟ್ಟಿಯ ವಾಸನೆ ಬರುತ್ತದೆ, ಹೈವೇ ಬದಿಯಲ್ಲಿ ಬರುವುದಿಲ್ಲ, ಎಂದೆ. ಹಅ್, ಎಂದು ಎದೆ ಮುಟ್ಟಿದಳು. ಅದು ತನ್ನ ಹಕ್ಕು ಎನ್ನುತ್ತಾರೆ. ಜವಾಬ್. ಇವರಿಗೆ ಇಂದೇ ಉತ್ತರ ಬೇಕು. ಕೊನೆಗೆ ಆಕೆ ನಕ್ಷೆಯ ಕಡೆ ತೋರಿಸಿ, ತಲೆಯನ್ನು ಬಲವಾಗಿ ಅಲ್ಲಾಡಿಸಿ, "ನಅಲ್, ನೋ. ನಅಲ್, ನೋ," ಎಂದಳು.

ಈ ಪದ ಹೊಸದು. ಆಕೆ ನುಂಗಿದ ಜಾಗದಲ್ಲಿ ಅಭ್ಯಾಸದಂತೆ ನಾನೊಂದು 'ಕ' ಇಟ್ಟೆ. ನಕಲು.

"ಇದಕ್ಕೆ ನಕಲು ಇಲ್ಲ ಎನ್ನುತ್ತಾರೆ," ಎಂದೆ. "ಈ ಬೀದಿಯ ಕಾಪಿಯನ್ನು ನೀವು ಬೇರೆ ಕಡೆ ಮಾಡಲಾರಿರಿ."

ಹಿಂದಿನ ಸಾಲುಗಳಲ್ಲಿ ಯಾ‌ರೋ ಕಿಸಕ್ಕನೆ ನಕ್ಕರು. ಆಮೇಲೆ ಜಮೀಲ ಚಪ್ಪಾಳೆ ಹೊಡೆಯಲು ಶುರುಮಾಡಿದ, ಉಳಿದವರು ಸೇರಿಕೊಂಡರು. ನಡುವಿನ ಅಧಿಕಾರಿ ಪೆನ್ನೆತ್ತಿ ಅದನ್ನು ಬರೆದುಕೊಂಡರು.

ಹೊರಗೆ ಬಂದ ಮೇಲೆ ಇಲ್ಯಾಸ್ ನನಗೆ ಹೇಳಿದ: ಆ ಪದಕ್ಕೆ ಅವರಲ್ಲಿ ಮನೆ ಬದಲಿಸುವುದು, ಸಾಮಾನು ಸಾಗಿಸುವುದು ಎಂದು ಅರ್ಥ. ನಾನು ಇಲ್ಲಿಂದ ಕದಲುವುದಿಲ್ಲ ಎಂದಷ್ಟೇ ಅಮ್ಮ ಹೇಳಿದ್ದು. ಸಿತ್ತಿ ಏನು ಏನು ಎಂದು ಅವನ ತೋಳು ಜಗ್ಗಿದಳು. ನಿಮ್ಮಲ್ಲಿ ಆ ಪದಕ್ಕೆ ಏನರ್ಥ ಎಂದು ಕೇಳಿಸಿದಳು. ಒಂದು ಅಸಲು ಇರುತ್ತದೆ, ಅದನ್ನು ನೋಡಿ ಇನ್ನೊಂದನ್ನು ಮಾಡುತ್ತಾರೆ, ಅದು ನಕಲು ಎಂದು ಇಲ್ಯಾಸನಿಗೆ ಹೇಳಿದೆ, ಅವನು ಆಕೆಗೆ ಹೇಳಿದ. ಆಕೆ ಹಿಮದಲ್ಲಿ ನಿಂತೇ ಅವನಿಗೆ ಏನೋ ಹೇಳಿದಳು.

"ಅಮ್ಮ ಹೇಳುತ್ತಿದ್ದಾಳೆ," ಎಂದ ಇಲ್ಯಾಸ್, "ತಾನು ಹೇಳಿದ್ದೂ ಅದನ್ನೇ ಅಂತೆ."

ನಮ್ಮ ತರ್ಜುಮೆಯಿಂದ ಓಣಿ ಉಳಿಯಿತು ಎಂದು ಹೇಳಲು ನನಗೆ ಆಸೆಯಿದೆ. ಹಾಗಾಗಲಿಲ್ಲ. ಎದುರು ಸಾಲನ್ನು ಅಷ್ಟರೊಳಗೆ ಬಹುಪಾಲು ಕೊಂಡಾಗಿತ್ತು. ಬೇಸಿಗೆಯಲ್ಲಿ ಯಂತ್ರಗಳು ಬಂದವು, ವರ್ದೆಯ ಕಿಟಕಿಯಿದ್ದ ಜಾಗದಲ್ಲಿ ಆಕಾಶ ಕಾಣತೊಡಗಿತು. ಆಮೇಲೆ ದುಡ್ಡು ಮುಗಿಯಿತೋ ಮನಸ್ಸು ಮುಗಿಯಿತೋ, ಕೆಲಸ ಅಲ್ಲಿಗೇ ನಿಂತು ನಮ್ಮ ಸಾಲು ಉಳಿದುಕೊಂಡಿತು. ಸಿತ್ತಿ ಮಾತ್ರ ಅದು ತನ್ನ ವಕೀಲಳ ಗೆಲುವು ಎಂದೇ ಬಂದವರಿಗೆಲ್ಲ ಹೇಳುತ್ತಿದ್ದಳು.

ವರ್ದೆ ಪಕ್ಕದೂರಾದ ಕ್ಲಿಫ್ಟನ್‌ಗೆ ಹೋದಳು. ಮೊದಲ ಕೆಲವು ಬೆಳಿಗ್ಗೆ ಸಿತ್ತಿ ಕುರ್ಚಿಯಲ್ಲಿ ಕೂತು, ಎದುರಿನ ಬಯಲಿಗೆ ಒಂದೆರಡು ಮಾತು ಬೈದಳು. ಉತ್ತರ ಬರಲಿಲ್ಲ. ಆಮೇಲೆ ಗುರುವಾರ ಗುರುವಾರ ಕೋಟು ಹಾಕಿಕೊಂಡು, ಕೈಚೀಲ ಹಿಡಿದು ಬಸ್ಸು ಹತ್ತತೊಡಗಿದಳು. ಎಲ್ಲಿಗೆ ಎಂದರೆ, "ವರ್ದೆ. ಫೈಟ್," ಎನ್ನುತ್ತಿದ್ದಳು. ಸಂಜೆ ಮರಳುವಾಗ ಮುಖ ತಿಳಿಯಾಗಿರುತ್ತಿತ್ತು.

ಓಣಿಗೆ ಹೊಸಬರು ಬಂದರು. ಜೆರುಸಲೇಮಿನ ಕಡೆಯವರು, ಹೆಚ್ಚಿನವರು ಮುಸಲ್ಮಾನರು. ಸಿತ್ತಿ ಚರ್ಚಿಗೆ ಹೋಗುವವಳು. ಅವರ ಕಾಫಿ ಬಲು ಕಹಿ, ಮಾತು ಬಲು ಜೋರು ಎಂದು ಗೊಣಗಿದಳು. ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲೊಬ್ಬ ಬಸುರಿ ಹುಡುಗಿ ನನ್ನ ಹಾಲಿನ ಕ್ರೇಟಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂಬುದು ನಿಜ.

ದಶಕ ಮುಗಿಯುವ ಹೊತ್ತಿಗೆ ನಮ್ಮವರಿಗೆ ಬೇರೆ ಕೆಲಸ ಸಿಕ್ಕಿ ನಾವು ಸಮರ್‌ಸೆಟ್ ಕಡೆ ಮನೆ ಕೊಂಡೆವು. ಮೂರು ಬೆಡ್‌ರೂಮು, ಎರಡು ಕಾರಿನ ಗರಾಜು, ಸೈಡ್‌ವಾಕೇ ಇಲ್ಲದ ಬೀದಿ. ಬೇಸಿಗೆಯೆಲ್ಲ ಕಳೆದರೂ ಅಕ್ಕಪಕ್ಕದವರು ಕಾರಿನೊಳಗಿಂದ ಬೀಸುವ ಕೈಗಳಾಗಿಯೇ ಉಳಿದಿದ್ದರು.

ಎಲೆ ಉದುರುವ ಕಾಲದಲ್ಲಿ ಒಂದು ಭಾನುವಾರ ಇಲ್ಯಾಸ್ ಸಿತ್ತಿಯನ್ನು ಮನೆ ತೋರಿಸಲು ಕರೆತಂದ. ಆಕೆ ಕೋಲೂರಿಕೊಂಡು ಎಲ್ಲ ಕೋಣೆ ನೋಡಿದಳು. ಕಾರ್ಪೆಟ್ಟನ್ನು ಮುಟ್ಟಿದಳು, ಡಿಶ್‌ವಾಷರಿನ ಬಾಗಿಲು ತೆಗೆದು ಹಾಕಿದಳು, "ನೈಸ್, ನೈಸ್," ಎಂದಳು. ಅನಂತರ ಮುಂದಿನ ಕಿಟಕಿಯ ಬಳಿ ಬಹಳ ಹೊತ್ತು ನಿಂತಳು.

"ವೇರ್ ಪೀಪಲ್?"

"ಮನೆಯೊಳಗೆ ಇದ್ದಾರೆ ಸಿತ್ತಿ."

"ಸಿಕ್?"

ಇಲ್ಲ, ಆರಾಮವಾಗಿದ್ದಾರೆ ಎಂದೆ. ಆಕೆಗೆ ನಂಬಿಕೆ ಬರಲಿಲ್ಲ. ಬೂಟು ಹಾಕಿಕೊಂಡು ಹೊರಟಳು. ಇಲ್ಯಾಸ್ ಬೇಡ ಮಾ ಎಂದು ಹಿಂದೆ ಓಡಿದ, ಅವನ ಹಿಂದೆ ನಾನು. ಅಷ್ಟರಲ್ಲಿ ಪಕ್ಕದ ಮನೆಯ ಬೆಲ್ಲು ಒತ್ತಿಯಾಗಿತ್ತು. ಬಾಗಿಲು ತೆರೆದಾಕೆ ಡೊರೊತಿ ಎಂಬ ನಿವೃತ್ತ ಟೀಚರು. ಹೆಸರು ನನಗೂ ಆಗಲೇ ತಿಳಿದದ್ದು. ಸಿತ್ತಿ ನನ್ನನ್ನು ಮುಂದೆ ತಳ್ಳಿ, "ದಿಸ್, ಉಮ್ ಗುರುನಾಥ್. ಗುಡ್," ಎಂದಳು. ಆಮೇಲೆ ಡೊರೊತಿಯ ಎದೆಗೆ ಬೆರಳಿಟ್ಟು, "ಯು?" ಎಂದಳು. ಡೊರೊತಿಯ ಎದುರುಮನೆಯಲ್ಲಿ ಹೆಂಡತಿ ತೀರಿಹೋದ ನೊವಾಕ್ ಎಂಬವರು ಡ್ರೈವ್‌ವೇಯಲ್ಲಿ ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ಸಿತ್ತಿ ಡೊರೊತಿಯ ಕೈ ಬಿಡದೆ ಅಲ್ಲಿಗೂ ಹೋಗಿ, "ವಾಟರ್ ಫಿನಿಷ್. ಕಮ್," ಎಂದಳು. ಅವರು ನಲ್ಲಿ ನಿಲ್ಲಿಸಿದರು. ನಾವೆಲ್ಲ ನಮ್ಮ ಅಡುಗೆಮನೆಯಲ್ಲಿ ಕೂತೆವು. ಸಿತ್ತಿ ಹಾಲಿನ ಪಾತ್ರೆಯಲ್ಲಿ ಕಾಫಿ ಕಾಸಿ ಎಲ್ಲರಿಗೂ ಕೊಟ್ಟು, ಯಾರು ಎಷ್ಟು ತಿಂದರು ಎಂದು ನೋಡುತ್ತ ಕೂತಳು. ಅಂಥ ಮಾತುಕತೆ ಏನೂ ನಡೆಯಲಿಲ್ಲ. ಆದರೂ ಬಿಸಿಲು ಇಳಿಯುವ ತನಕ ಯಾರೂ ಏಳಲಿಲ್ಲ. ಆಕೆಯನ್ನು ನಾನು ನೋಡಿದ್ದು ಅದೇ ಕೊನೆ.

ಆ ಚಳಿಗಾಲದಲ್ಲಿ ಇಲ್ಯಾಸನ ಫೋನ್ ಬಂತು. ನಿದ್ದೆಯಲ್ಲೇ ಹೋದಳು, ತನ್ನ ಓಣಿಯ ಮನೆಯಲ್ಲೇ, ಎಂದ. ಅಂತ್ಯಕ್ರಿಯೆಯ ದಿನ ನಮ್ಮವರು ಕೆಲಸದ ಮೇಲೆ ಬೇರೆ ಊರಲ್ಲಿದ್ದರು. ನಾನು ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಡೊರೊತಿ ಎಲ್ಲಿಗೆ ಎಂದು ಕೇಳಿದರು. ಹೇಳಿದೆ. "ಒಂದು ನಿಮಿಷ ತಾಳು, ಕೋಟು ತರುತ್ತೇನೆ," ಎಂದರು. ನಾವು ಹೊರಡುವಷ್ಟರಲ್ಲಿ ನೊವಾಕ್ ಕೂಡ ಟೈ ಕಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಡೊರೊತಿಯ ಪಕ್ಕ ಕೂತರು.

ಚರ್ಚಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಹಳಬರು, ಹೊಸಬರು, ಸಬರ್ಬುಗಳಿಗೆ ಹೋದವರು, ತಲೆಗೆ ಬಟ್ಟೆ ಕಟ್ಟಿದ ಜೆರುಸಲೇಮಿನ ಹೆಂಗಸರು, ಎಲ್ಲ ಇದ್ದರು. ವರ್ದೆ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ತಗ್ಗಿದ ದನಿಯಲ್ಲಿ ಬೈಯುತ್ತಲೇ ಇದ್ದಳು. ನಡುನಡುವೆ ನಿಲ್ಲಿಸಿ, ತಿರುಗಿ ಏನಾದರೂ ಅನ್ನುತ್ತಾಳೋ ಎಂದು ಕಾಯುತ್ತಿದ್ದಳು. ಇಲ್ಯಾಸ್ ಬಂದು ಆಕೆಯ ಭುಜ ಹಿಡಿದುಕೊಂಡ.

ಚರ್ಚಿನಲ್ಲೇ ಇಟ್ಟಿದ್ದ ಊಟವಾದ ಮೇಲೆ ನಾನು ಆ ಇಬ್ಬರಿಗೂ ಓಣಿ ತೋರಿಸಿ, ಜಮೀಲನ ಅಂಗಡಿಗೆ ಕರೆದೊಯ್ದು, ಕತ್ತಲಾಗುವ ಮುಂಚೆ ಮನೆಯ ಕಡೆ ಹೊರಟೆ. ಹನ್ನೊಂದು ವರ್ಷ ಎದುರುಬದುರು ಮನೆಗಳಲ್ಲಿದ್ದು ಕೈ ಬೀಸುವುದನ್ನಷ್ಟೇ ಮಾಡಿದ್ದ ಡೊರೊತಿ ಮತ್ತು ನೊವಾಕ್ ಹಿಂದಿನ ಸೀಟಿನಲ್ಲಿ ಮಾತಿಗೆ ತೊಡಗಿದರು. ಮೊದಲು ಹಿಮದ ಬಗ್ಗೆ, ಆಮೇಲೆ ಊಟದ ಬಗ್ಗೆ, ಆಮೇಲೆ ನೊವಾಕರ ಹೆಂಡತಿಯ ಕೊನೆಯ ದಿನಗಳ ಬಗ್ಗೆ. ಮನೆ ಬರುವ ತನಕ ಮಾತು ನಿಲ್ಲಲಿಲ್ಲ. ನಾನು ರೇಡಿಯೊ ಹಾಕದೆ, ಸ್ವಲ್ಪ ನಿಧಾನವಾಗಿಯೇ ಡ್ರೈವ್ ಮಾಡಿದೆ.